ಸಾಕಿದ ಸಾಲ್ಮನ್‌ನಲ್ಲಿ ವೈರಸ್ ಇದೆಯಾ? ರಕ್ತ ತೆಗೆದು ನೋಡುವ ಬಗೆ

ನಾರ್ವೆ, ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಸಮುದ್ರದ ಪಂಜರಗಳಲ್ಲಿ ಸಾಲ್ಮನ್ ಸಾಕುವವರಿಗೆ ದೊಡ್ಡ ತಲೆನೋವು ಅಂದರೆ ಪ್ಯಾಂಕ್ರಿಯಾಸ್ ಡಿಸೀಸ್. ಎಲ್ಲರೂ ಸುಮ್ನೆ ಪಿಡಿ ಅನ್ನುತ್ತಾರೆ. ಇದನ್ನು ಮೊದಲು ಗಮನಿಸಿದ್ದು 1976ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಸಾಲ್ಮೊನಿಡ್ ಆಲ್ಫಾವೈರಸ್ ಎಂಬ ವೈರಸ್ಸಿನಿಂದ ಬರುತ್ತದೆ, ಮೊದಲು ಮೇದೋಜೀರಕ ಗ್ರಂಥಿ ಹಾಳಾಗುತ್ತದೆ, ಜೊತೆಗೇ ಹೃದಯ, ಆಮೇಲೆ ಮೈಯ ಮಾಂಸಖಂಡ. ಮೀನು ಮೇವು ಬಿಟ್ಟಾಗ ಗೊತ್ತಾಗುತ್ತದೆ ಅಂತ ಕೂತರೆ ತಡವಾಯಿತು ಅಂತಲೇ ಲೆಕ್ಕ. ಅಷ್ಟೊತ್ತಿಗೆ ವೈರಸ್ ಪಂಜರದಿಂದ ಪಂಜರಕ್ಕೆ ನೀರಿನಲ್ಲೇ ಹರಡಿರುತ್ತದೆ. ಅದಕ್ಕೇ ರೋಗದ ಲಕ್ಷಣ ಕಾಣುವ ಮೊದಲೇ ರಕ್ತ ತೆಗೆದು ನೋಡುವುದು. ಮೀನುಗಾರಿಕೆ ಓದಿ ಆ ಕಡೆ ಕೆಲಸಕ್ಕೆ ಹೋಗಬೇಕು ಅಂತಿರುವವರಿಗೆ ಈ ಬರಹ ಉಪಯೋಗಕ್ಕೆ ಬರಬಹುದು.

ಸೂಜಿ ಹಿಡಿಯುವ ಮೊದಲು ಯಾವ ವೈರಸ್ ಹುಡುಕುತ್ತಿದ್ದೀರಿ ಅನ್ನುವುದು ತೀರ್ಮಾನವಾಗಿರಬೇಕು, ಯಾಕೆಂದರೆ ರಕ್ತದ ಯಾವ ಭಾಗ ಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಪಿಡಿಗೆ ಸೀರಮ್ ಬೇಕು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ನೀರು. ಹೃದಯ ಮತ್ತು ಮಾಂಸಖಂಡ ಊದಿಕೊಳ್ಳುವ ಎಚ್ಎಸ್ಎಂಐ ರೋಗದ ವೈರಸ್, ಅಂದರೆ ಪಿಆರ್‌ವಿ, ಕೆಂಪು ರಕ್ತಕಣದ ಒಳಗೇ ಮನೆ ಮಾಡಿಕೊಂಡಿರುತ್ತದೆ. ಅಲ್ಲಿ ಸೀರಮ್ ಇಟ್ಟುಕೊಂಡು ಕಣಗಳನ್ನು ಚೆಲ್ಲಿದರೆ ಹುಡುಕುತ್ತಿದ್ದುದನ್ನೇ ಚೆಲ್ಲಿದ ಹಾಗೆ. ಸಿಎಂಎಸ್ ಎಂಬ ಇನ್ನೊಂದು ಹೃದಯದ ಕಾಯಿಲೆಗೆ ಹೃದಯದ ತುಂಡೇ ಬೇಕು, ರಕ್ತವನ್ನು ನಂಬಿಕೊಳ್ಳಬೇಡಿ.

ಎಷ್ಟು ಮೀನು? ಇದು ಅಂದಾಜಿನ ಮಾತಲ್ಲ, ಲೆಕ್ಕದ ಮಾತು. ಪಂಜರದಲ್ಲಿ 100ಕ್ಕೆ 10 ಮೀನಿಗೆ ಸೋಂಕಿದ್ದರೆ, ಅದರಲ್ಲಿ ಒಂದಾದರೂ ಕೈಗೆ ಸಿಗುವುದು ಶೇ. 95ರಷ್ಟು ಖಚಿತವಾಗಬೇಕು ಅಂದರೆ ಸುಮಾರು 30 ಮೀನು ಬೇಕು. 100ಕ್ಕೆ 5ಕ್ಕೆ ಮಾತ್ರ ಸೋಂಕಿದ್ದರೆ 60. 100ಕ್ಕೆ 2 ಅಂದರೆ 150ರ ಹತ್ತಿರ. ಅಂದರೆ 10 ಮೀನು ನೋಡಿ 'ನೆಗೆಟಿವ್, ಏನೂ ಇಲ್ಲ' ಅನ್ನುವ ವರದಿಗೆ ಬೆಲೆ ಕಡಿಮೆ. ನಾರ್ವೆಯಲ್ಲಿ 2017ರ ಪಿಡಿ ನಿಯಮದ ಪ್ರಕಾರ ಸಮುದ್ರದ ಪ್ರತಿ ಸಾಕಣೆ ಜಾಗದಿಂದ ತಿಂಗಳಿಗೆ 20 ಮೀನು ಪರೀಕ್ಷೆ ಆಗಬೇಕು, ಅದೂ ಹೃದಯದ ತುಂಡಿನಿಂದ. ಒಂದೇ ಸಲಕ್ಕೆ 20 ಸಣ್ಣ ಸಂಖ್ಯೆ, ಆದರೆ ತಿಂಗಳು ತಿಂಗಳೂ ನೋಡುತ್ತಾ ಹೋದರೆ ತಪ್ಪಿಸಿಕೊಳ್ಳುವುದು ಕಷ್ಟ. ರಕ್ತ ಪರೀಕ್ಷೆಯನ್ನು ಇದರ ಬದಲಿಗೆ ಅಲ್ಲ, ಇದರ ಜೊತೆಗೆ ಇಟ್ಟುಕೊಳ್ಳಿ.

ಯಾವ ಮೀನು ಹಿಡಿಯಬೇಕು ಅನ್ನುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ವೈರಸ್ ಬಂದಿದೆಯಾ ಇಲ್ಲವಾ ಅಂತ ಮಾತ್ರ ಬೇಕಿದ್ದರೆ ಪಂಜರದ ಅಂಚಿನಲ್ಲಿ, ನೀರಿನ ಮೇಲ್ಭಾಗದಲ್ಲಿ ಮಂಕಾಗಿ ತೇಲಾಡುವ ಮೀನನ್ನೇ ಹಿಡಿಯಿರಿ, ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ಎಷ್ಟು ಭಾಗ ಮೀನಿಗೆ ಬಂದಿದೆ ಅಂತ ತಿಳಿಯಬೇಕಿದ್ದರೆ ಮಾತ್ರ ಬಲೆ ಎಳೆದು ಬಂದದ್ದನ್ನು ಆರಿಸದೆ ತೆಗೆದುಕೊಳ್ಳಬೇಕು. ಎರಡನ್ನೂ ಬೆರೆಸಿ ಶೇಕಡಾ ಲೆಕ್ಕ ಹಾಕಿದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಇನ್ನು ಕೈಕೆಲಸ. ಅಲ್ಲಿ ಇದನ್ನು ಪಶುವೈದ್ಯರು ಅಥವಾ ಮೀನಿನ ಆರೋಗ್ಯದ ತರಬೇತಿ ಪಡೆದವರ ಉಸ್ತುವಾರಿಯಲ್ಲಿ ಮಾಡುತ್ತಾರೆ, ನೀವೂ ಹಾಗೇ ಮಾಡಿ. ಮೀನನ್ನು ಮಂಪರು ಔಷಧಿ ಹಾಕಿದ ನೀರಿಗೆ ಬಿಡಬೇಕು, ಸಾಮಾನ್ಯವಾಗಿ ಟ್ರಿಕೇನ್ ಅಥವಾ ಬೆಂಜೊಕೇನ್. ಟ್ರಿಕೇನ್ ನೀರನ್ನು ಹುಳಿಯಾಗಿಸುತ್ತದೆ. ಸಮುದ್ರದ ನೀರು ಅದನ್ನು ತಡೆದುಕೊಳ್ಳುತ್ತದೆ, ಸಿಹಿನೀರಿನ ಮರಿಗಳಿಗಾದರೆ ಅಡುಗೆ ಸೋಡ ಸೇರಿಸಲೇಬೇಕು. ಮೀನು ಮಗುಚಿಕೊಂಡು, ಬಾಲ ಹಿಂಡಿದರೂ ಅಲ್ಲಾಡದೆ ಇದ್ದಾಗ ಎತ್ತಿ, ಒದ್ದೆ ಹಾಸಿನ ಮೇಲೆ ಅಂಗಾತ ಮಲಗಿಸಿ. ಗುದದ ಹತ್ತಿರದ ಈಜುರೆಕ್ಕೆಯ ಹಿಂದೆ, ಹೊಟ್ಟೆಯ ಕಡೆಯ ನಡುಗೆರೆಯಲ್ಲಿ ಸೂಜಿಯನ್ನು ನೇರ ಬೆನ್ನುಮೂಳೆಯ ಕಡೆಗೆ ತೂರಿಸಿ. ಮೂಳೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಆಗ ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಂದು ಮೆಲ್ಲಗೆ ಎಳೆಯಿರಿ. ಬಾಲದ ರಕ್ತನಾಳ ಅಲ್ಲೇ ಇರುವುದು. 1 ಕೆಜಿ ಮೀನಿನಿಂದ 1ರಿಂದ 2 ಮಿಲೀ ಸಾಕು.

ಅವಸರದಲ್ಲಿ ಜೋರಾಗಿ ಎಳೆದರೆ ರಕ್ತಕಣ ಒಡೆಯುತ್ತವೆ. ಸಿರಿಂಜಿನಿಂದ ಟ್ಯೂಬಿಗೆ ಹಾಕುವಾಗಲೂ ಅಷ್ಟೇ, ಸೂಜಿ ಕಳಚಿ, ಟ್ಯೂಬಿನ ಗೋಡೆಯ ಮೇಲೆ ಇಳಿಯುವಂತೆ ಬಿಡಿ. ಪ್ರತಿ ಮೀನಿಗೂ ಹೊಸ ಸೂಜಿ, ಹೊಸ ಸಿರಿಂಜು. ಇದರಲ್ಲಿ ಜಿಪುಣತನ ಮಾಡಿದರೆ ಒಂದು ಮೀನಿನ ವೈರಸ್ ಮುಂದಿನ ಮೂರು ಟ್ಯೂಬಿಗೆ ಅಂಟುತ್ತದೆ, ವೈರಸ್ಸಿನ ಜೀನಿನ ತುಣುಕನ್ನು ಪಟ್ಟು ಪಟ್ಟಾಗಿ ಹೆಚ್ಚಿಸಿ ಹುಡುಕುವ ಪಿಸಿಆರ್ ಪರೀಕ್ಷೆ ಅಂಥ ಚೂರನ್ನೂ ಬಿಡುವುದಿಲ್ಲ.

ಸೀರಮ್ ಬೇಕಿದ್ದರೆ ಏನೂ ಬೆರೆಸದ ಟ್ಯೂಬು. ರಕ್ತಕಣ ಬೇಕಿದ್ದರೆ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇರುವ ಟ್ಯೂಬು. ಹೆಪಾರಿನ್ ಕೆಲವೊಮ್ಮೆ ಪಿಸಿಆರ್‌ಗೇ ಅಡ್ಡ ಬರುತ್ತದೆ, ಆದ್ದರಿಂದ ಯಾವ ಟ್ಯೂಬು ಅಂತ ಲ್ಯಾಬಿನವರನ್ನು ಮೊದಲೇ ಕೇಳಿ. ಟ್ಯೂಬು ನೆಟ್ಟಗೆ ನಿಲ್ಲಿಸಿ, ತಂಪಾಗಿಡಿ. ಆದರೆ ಸೀರಮ್ ಬೇರೆ ಮಾಡುವ ಮೊದಲು ಇಡೀ ರಕ್ತವನ್ನು ಫ್ರೀಜರ್‌ಗೆ ಹಾಕಬೇಡಿ! ಕಣಗಳೆಲ್ಲ ಒಡೆದು ಕೆಂಪು ನೀರು ಉಳಿಯುತ್ತದೆ ಅಷ್ಟೇ. ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಹಳದಿ ಸೀರಮ್ ತೆಗೆದು, ಆಮೇಲೆ ಫ್ರೀಜರ್. ಟ್ಯೂಬಿನ ಮೇಲೆ ಪಂಜರ, ಮೀನಿನ ಸಂಖ್ಯೆ, ತಾರೀಕು ಬರೆಯಿರಿ. ನೀರಿನ ಉಷ್ಣತೆಯನ್ನೂ ಪುಸ್ತಕದಲ್ಲಿ ಬರೆದಿಡಿ, ಆಮೇಲೆ ಫಲಿತಾಂಶ ಓದುವಾಗ ಅದಿಲ್ಲದೆ ಆಗುವುದಿಲ್ಲ. ರಕ್ತ ಕೊಟ್ಟ ಮೀನನ್ನು ವಾಪಸ್ ಬಿಡುವುದಾದರೆ ಅದು ಮಾರಾಟಕ್ಕೆ ಹೋಗುವ ಮೊದಲು ಔಷಧಿ ಮೈಯಿಂದ ಹೋಗಲು ಎಷ್ಟು ದಿನ ಕಾಯಬೇಕು ಅನ್ನುವ ನಿಯಮ ನೋಡಿಕೊಳ್ಳಿ. ಹೃದಯದ ತುಂಡೂ ಬೇಕಾಗುವುದರಿಂದ ಬಹಳ ಸಲ ವಾಪಸ್ ಬಿಡುವ ಪ್ರಶ್ನೆಯೇ ಬರುವುದಿಲ್ಲ.

ಫಲಿತಾಂಶ ಬಂತು ಅಂದುಕೊಳ್ಳಿ. ಪಿಡಿ ವೈರಸ್ ರಕ್ತದಲ್ಲಿ ಓಡಾಡುವುದು ಕೆಲವೇ ವಾರ. ನೀರು ತಣ್ಣಗಿದ್ದಷ್ಟೂ ಎಲ್ಲವೂ ನಿಧಾನ. ಆಮೇಲೆ ರಕ್ತದಿಂದ ವೈರಸ್ ಹೋಗುತ್ತದೆ, ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಏರುತ್ತದೆ. ಹೃದಯದಲ್ಲಿ ಮಾತ್ರ ವೈರಸ್ಸಿನ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಸೀರಮ್ ಪಾಸಿಟಿವ್, ಪ್ರತಿಕಾಯ ಇಲ್ಲ ಅಂದರೆ ಸೋಂಕು ಈಗಷ್ಟೇ ಬಂದಿದೆ. ಸೀರಮ್ ನೆಗೆಟಿವ್, ಪ್ರತಿಕಾಯ ಇದೆ ಅಂದರೆ ಬಂದು ಹೋಗಿದೆ, ಆದರೆ ಲಸಿಕೆ ಹಾಕಿದ ಮೀನಾದರೆ ಪ್ರತಿಕಾಯ ಲಸಿಕೆಯದ್ದೂ ಇರಬಹುದು, ಹುಷಾರು. ಹೃದಯ ಮಾತ್ರ ಪಾಸಿಟಿವ್ ಇದ್ದರೆ ಯಾವಾಗ ಬಂತು ಅಂತ ಹೇಳಲು ಆಗುವುದಿಲ್ಲ. ಈ 'ಯಾವಾಗ' ಅನ್ನುವುದಕ್ಕೇ ರಕ್ತ ಬೇಕಾಗಿರುವುದು, ಅಲ್ವಾ? ಅನುಮಾನವಿದ್ದರೆ ಅದೇ ಪಂಜರದಿಂದ ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆದು ಹೋಲಿಸಿ. (ನಮ್ಮ ಕರಾವಳಿಯ ಸಿಗಡಿ ಕೊಳದವರಿಗೆ ಬಿಳಿಚುಕ್ಕೆ ರೋಗದಿಂದ ಪಿಸಿಆರ್ ಚೆನ್ನಾಗಿ ಗೊತ್ತು. ಆದರೆ ಸಿಗಡಿಯಲ್ಲಿ ಪ್ರತಿಕಾಯವೇ ಇಲ್ಲ, ಈ ಅರ್ಧ ಲೆಕ್ಕ ಅಲ್ಲಿ ನಡೆಯುವುದಿಲ್ಲ.)

ಸಿಟಿ ವ್ಯಾಲ್ಯೂ, ಅಂದರೆ ಪಿಸಿಆರ್‌ನ ಎಷ್ಟನೇ ಸುತ್ತಿಗೆ ವೈರಸ್ ಕಾಣಿಸಿತು ಅನ್ನುವ ಸಂಖ್ಯೆ, ಕೋವಿಡ್ ಕಾಲದಿಂದ ಎಲ್ಲರಿಗೂ ಗೊತ್ತಿರುವುದೇ. ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ, ಸುಮಾರು 3.3 ಇಳಿದರೆ ಹತ್ತು ಪಟ್ಟು. 36, 37 ಬಂದ ಒಂದೇ ಮೀನನ್ನು ನೋಡಿ ಗಾಬರಿ ಬೇಡ, ಮತ್ತೆ ಪರೀಕ್ಷೆ ಮಾಡಿಸಿ. ಪಿಆರ್‌ವಿ ವಿಷಯದಲ್ಲಂತೂ ಪಾಸಿಟಿವ್ ಅಂದರೆ ರೋಗ ಅಂತಲ್ಲ. ಸಮುದ್ರದಲ್ಲಿ ಸಾಕಿದ ಸಾಲ್ಮನ್‌ನಲ್ಲಿ ಅದು ತುಂಬಾ ಸಾಮಾನ್ಯ, ಹೃದಯದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ತೀರ್ಪು ಕೊಡಬಾರದು. ಅದೇ ಸೀರಮ್‌ನಲ್ಲಿ ಕ್ರಿಯೇಟಿನ್ ಕೈನೇಸ್ ಎಂಬ ಮಾಂಸಖಂಡದ ಕಿಣ್ವ ಏರಿದ್ದರೆ ಮಾಂಸಖಂಡಕ್ಕೆ ಪೆಟ್ಟು ಬಿದ್ದಿದೆ ಅಂತ ಸುಳಿವು. ಬಲೆಯಲ್ಲಿ ತುಂಬಾ ಹೊತ್ತು ಒದ್ದಾಡಿದ ಮೀನಿನಲ್ಲೂ ಅದು ಏರುತ್ತದೆ ಅನ್ನುವುದು ಮರೆಯಬೇಡಿ.

ತಾಜಾ ಸೋಂಕು ಅಂತ ಗೊತ್ತಾದ ಮೇಲೆ ಮಾಡಬೇಕಾದ ಮುಖ್ಯ ಕೆಲಸ ಮೀನನ್ನು ಮುಟ್ಟದೆ ಇರುವುದು. ಮೀನಿನ ಚರ್ಮಕ್ಕೆ ಅಂಟುವ ಸಮುದ್ರದ ಹೇನು ಎಂಬ ಪರಾವಲಂಬಿಯನ್ನು ತೆಗೆಯಲು ಬಿಸಿನೀರಿನಲ್ಲಿ ಹಾಯಿಸುವುದು, ಬ್ರಷ್ ಹೊಡೆಯುವುದು ಎಲ್ಲ ಅಲ್ಲಿ ಮಾಮೂಲು. ಹೃದಯ ಸೋತ ಮೀನು ಆ ಹೊಡೆತ ತಾಳುವುದಿಲ್ಲ, ರಾಶಿರಾಶಿ ಸಾಯುತ್ತದೆ. ಆ ತಾರೀಕನ್ನು ಮುಂದೂಡಿ, ಅಥವಾ ಮಾರುವ ಗಾತ್ರಕ್ಕೆ ಬಂದಿದ್ದರೆ ಬೇಗ ಕೊಯ್ಲು ಮಾಡುವ ಬಗ್ಗೆ ಮಾತಾಡಿ.

ಇನ್ನೊಂದಿದೆ, ಐಎಸ್ಎ, ಅಂದರೆ ಸಾಲ್ಮನ್‌ಗೆ ಅಂಟುವ ರಕ್ತಹೀನತೆ. 1984ರಲ್ಲಿ ನಾರ್ವೆಯಲ್ಲಿ ಕಂಡಿತು, 2007ರಿಂದ ಚಿಲಿಯ ಸಾಕಣೆಯನ್ನೇ ಅಲ್ಲಾಡಿಸಿತು. ಇದಕ್ಕೆ ದೋಣಿಯ ಮೇಲೇ ಒಂದು ಸುಲಭ ಪರೀಕ್ಷೆ ಇದೆ. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ತಿರುಗಿಸಿ ಕೆಂಪುಕಣ ಎಷ್ಟು ಭಾಗ ಅಂತ ಅಳೆಯುವುದು. ಆರೋಗ್ಯವಂತ ಮೀನಿನಲ್ಲಿ ಶೇ. 40ರ ಆಸುಪಾಸು ಇರುತ್ತದೆ, ಐಎಸ್ಎ ಜೋರಾದಾಗ ಶೇ. 10ಕ್ಕಿಂತ ಕೆಳಗೆ ಹೋಗುತ್ತದೆ. ನಾಲ್ಕೈದು ಮೀನಿನಲ್ಲಿ ಹೀಗೆ ಕಂಡು, ಕಿವಿರು ಬಿಳಿಚಿಕೊಂಡಿದ್ದರೆ ಪಿಸಿಆರ್ ವರದಿಗೆ ಕಾಯಬೇಡಿ. ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಅವತ್ತೇ ಸರ್ಕಾರದ ಮೀನು ಆರೋಗ್ಯ ಅಧಿಕಾರಿಗೆ ಫೋನ್ ಮಾಡಿ, ಅವರು ಹೇಳುವ ತನಕ ಆ ಜಾಗದಿಂದ ಮೀನು, ಬಲೆ, ದೋಣಿ ಯಾವುದನ್ನೂ ಆಚೆ ಕಳಿಸಬೇಡಿ.