ಕಿಕಿ ಹಾರಲಾರದ ಹೊತ್ತಲ್ಲಿ ಪಾಝ್ ಬಟನ್ ಒತ್ತಬೇಡಿ: ಮಕ್ಕಳ ಜೊತೆ ಈ ಸಿನಿಮಾ ನೋಡುವ ಬಗೆ

‘ಕಿಕಿಸ್ ಡೆಲಿವರಿ ಸರ್ವಿಸ್’ ಸಿನಿಮಾವನ್ನು ಮಕ್ಕಳಿಗೆ ತೋರಿಸಬೇಕು ಅಂದುಕೊಂಡಿದ್ದೀರಾ? ಖಂಡಿತ ತೋರಿಸಿ. ಆದರೆ ಟಿವಿ ಹಾಕಿಕೊಟ್ಟು ನೀವು ಎದ್ದು ಹೋಗಬೇಡಿ. ಪಕ್ಕದಲ್ಲೇ ಕೂತು ನೋಡಿ. ಪೊರಕೆ ಮೇಲೆ ಹಾರಿ ಜನರ ಸಾಮಾನು ತಲುಪಿಸುವ ಕಿಕಿ ಎಂಬ ಪುಟ್ಟ ಮಾಟಗಾತಿ ದೊಡ್ಡವಳಾಗುವ ಕಥೆ ಇದು. ಮಗುವಿಗೆ ಇದರಲ್ಲಿ ಹಾರುವ ಪೊರಕೆ, ಮಾತಾಡುವ ಬೆಕ್ಕು ಕಾಣುತ್ತವೆ. ನಿಮಗೆ ಮನೆ ಬಿಟ್ಟು ಹೊರಟ ಮಗಳು ಕಾಣುತ್ತಾಳೆ. ಇಬ್ಬರೂ ಒಟ್ಟಿಗೆ ಕೂತಾಗ ಈ ಸಿನಿಮಾ ಪೂರ್ತಿಯಾಗುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಮುಂದೆ ಕಥೆ ಕೊನೆಯವರೆಗೂ ಬರುತ್ತದೆ. ಹಾಗಾಗಿ ನೀವಿನ್ನೂ ನೋಡಿಲ್ಲದಿದ್ದರೆ ಮೊದಲು ಒಬ್ಬರೇ ಒಂದು ಸಲ ನೋಡಿ ಬನ್ನಿ. ಒಟ್ಟು 103 ನಿಮಿಷ ಅಷ್ಟೇ. ಮೊದಲೇ ನೋಡಿದ್ದರೆ ಇನ್ನೊಂದು ಲಾಭ ಇದೆ. ಮಗುವಿನ ಜೊತೆ ಕೂತಾಗ ನಿಮ್ಮ ಕಣ್ಣು ಪರದೆ ಮೇಲೆ ಕಮ್ಮಿ, ಮಗುವಿನ ಮುಖದ ಮೇಲೆ ಜಾಸ್ತಿ ಇರುತ್ತದೆ. ಅದು ತುಂಬಾ ಬೇಕು.

ಸ್ವಲ್ಪ ಹಿನ್ನೆಲೆ ತಿಳಿದಿರಲಿ. ಇದು ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಜಿಬ್ಲಿಯ ಸಿನಿಮಾ. ಹಯಾವೊ ಮಿಯಾಝಾಕಿ ನಿರ್ದೇಶಿಸಿದ್ದು, 1989ರ ಜುಲೈನಲ್ಲಿ ಜಪಾನ್‌ನಲ್ಲಿ ಬಿಡುಗಡೆ ಆಯಿತು. ಮೂಲ ಕಥೆ ಎಯಿಕೊ ಕಡೊನೊ ಅವರು 1985ರಲ್ಲಿ ಬರೆದ ಮಕ್ಕಳ ಪುಸ್ತಕ. ಅವರಿಗೆ 2018ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಸಿಕ್ಕಿತು. ಸಂಗೀತ ಜೋ ಹಿಸಾಯಿಶಿ. ಕಥೆ ನಡೆಯುವ ಕೊರಿಕೊ ಎಂಬ ಕಡಲ ತೀರದ ಊರು ಎಲ್ಲೂ ಇಲ್ಲ, ಆದರೆ ಅದನ್ನು ಬಿಡಿಸಲು ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ವಿಸ್ಬಿ ಪಟ್ಟಣಗಳು ಸ್ಫೂರ್ತಿ. ಕೆಂಪು ಹೆಂಚಿನ ಮನೆಗಳು, ಕಲ್ಲು ಹಾಸಿದ ಇಳಿಜಾರು ಬೀದಿಗಳು ಅಲ್ಲಿಂದ ಬಂದವು. ಇದನ್ನೆಲ್ಲ ಮಗುವಿಗೆ ಮೊದಲೇ ಹೇಳಬೇಕಿಲ್ಲ. ಕೇಳಿದರೆ ಹೇಳಿ.

ಮಗುವಿಗೆ ಮೊದಲು ಹೇಳಬೇಕಾದ್ದು ಇಷ್ಟೇ: ಆ ಲೋಕದಲ್ಲಿ ಮಾಟಗಾತಿಯರ ಮನೆಯ ಹುಡುಗಿ 13 ವರ್ಷಕ್ಕೆ ಮನೆ ಬಿಟ್ಟು ಬೇರೆ ಊರಲ್ಲಿ ಒಂದು ವರ್ಷ ಒಬ್ಬಳೇ ಬದುಕಿ ಕಲಿಯಬೇಕು. ಇದು ಅವರ ರೂಢಿ. ಇಷ್ಟು ತಿಳಿದಿದ್ದರೆ ಚಿಕ್ಕ ಮಕ್ಕಳಿಗೆ ‘ಅವಳನ್ನ ಮನೆಯಿಂದ ಓಡಿಸಿದ್ರಾ’ ಅನ್ನೋ ಭಯ ಬರುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗಿ. ‘ಇದರಿಂದ ತುಂಬಾ ಕಲಿಯಬಹುದು’ ಅಂತ ಮಾತ್ರ ಅನ್ನಬೇಡಿ. ಪಾಠ ಅಂತ ಗೊತ್ತಾದ ಕ್ಷಣ ಮಗು ಅರ್ಧ ಎದ್ದು ಹೋದ ಹಾಗೆ.

ವಯಸ್ಸು? ನನ್ನ ಪ್ರಕಾರ ಐದಾರು ವರ್ಷದಿಂದ ತೋರಿಸಬಹುದು. ಇದರಲ್ಲಿ ಖಳನಾಯಕ ಇಲ್ಲ. ಹೊಡೆದಾಟ ಇಲ್ಲ. ಕಾಗೆಗಳು ಅಟ್ಟಿಸಿಕೊಂಡು ಬರುವ ಒಂದು ದೃಶ್ಯ, ಕೊನೆಯಲ್ಲಿ ದೊಡ್ಡ ಬಲೂನಿನಂಥ ವಾಯುನೌಕೆ ತಪ್ಪಿಸಿಕೊಂಡು ಹುಡುಗನೊಬ್ಬ ಹಗ್ಗಕ್ಕೆ ನೇತಾಡುವ ದೃಶ್ಯ, ಇವೆರಡರಲ್ಲಿ ಚಿಕ್ಕವರು ನಿಮ್ಮ ಕೈ ಹಿಡಿದುಕೊಂಡಾರು, ಅಷ್ಟೇ. ಆದರೆ ನಿಜವಾಗಿ ಈ ಸಿನಿಮಾ ತಟ್ಟುವುದು ಹತ್ತರಿಂದ ಹದಿನಾಲ್ಕರ ಮಕ್ಕಳಿಗೆ.

ಯಾವ ಭಾಷೆಯಲ್ಲಿ ನೋಡಬೇಕು ಅನ್ನೋದು ಇಲ್ಲಿ ಸಣ್ಣ ವಿಷಯ ಅಲ್ಲ. ಮಗು ಸಬ್‌ಟೈಟಲ್ ಓದುವಷ್ಟು ದೊಡ್ಡದಾಗಿದ್ದರೆ ಜಪಾನಿ ಧ್ವನಿಯಲ್ಲೇ ನೋಡಿ. ಓದಲು ಬಾರದಿದ್ದರೆ ನೀವೇ ಮೆಲ್ಲಗೆ ಓದಿ ಹೇಳಿ, ಎಲ್ಲ ಸಾಲೂ ಬೇಡ, ಬೇಕಾದ್ದು ಮಾತ್ರ. ಯಾಕೆ ಅಂದರೆ 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಕಪ್ಪು ಬೆಕ್ಕು ಜೀಜಿ ಮೂಲಕ್ಕಿಂತ ಎಷ್ಟೋ ಜಾಸ್ತಿ ಮಾತಾಡುತ್ತದೆ, ಮೂಲದಲ್ಲಿ ಮೌನ ಇದ್ದ ಕಡೆ ಅಲ್ಲಿ ಮಾತು ತುಂಬಿದ್ದಾರೆ, ಕೊನೆಯಲ್ಲಂತೂ ಬೆಕ್ಕಿನ ಬಾಯಿಗೆ ಒಂದು ಮಾತು ಕೊಟ್ಟು ಮೂಲದ ಅರ್ಥವನ್ನೇ ತಿರುಗಿಸಿಬಿಟ್ಟಿದ್ದಾರೆ. ಜಪಾನಿ ಧ್ವನಿಯಲ್ಲಿ ಇನ್ನೊಂದು ಚಂದದ ಸಂಗತಿ ಇದೆ. ಕಿಕಿಗೂ, ಕಾಡಿನ ಮನೆಯಲ್ಲಿ ಚಿತ್ರ ಬಿಡಿಸುತ್ತಾ ಇರುವ ಉರ್ಸುಲಾಗೂ ಧ್ವನಿ ಕೊಟ್ಟವರು ಒಬ್ಬರೇ, ಮಿನಾಮಿ ತಕಾಯಾಮಾ. ಅವರಿಬ್ಬರೂ ಮಾತಾಡುವಾಗ ಕಿಕಿ ತನ್ನದೇ ದೊಡ್ಡ ವಯಸ್ಸಿನ ಜೊತೆ ಮಾತಾಡುತ್ತಿದ್ದಾಳೆ ಅನಿಸುತ್ತದೆ ಅಲ್ವಾ? ಡಬ್ಬಿಂಗ್‌ನಲ್ಲಿ ಅದು ಸಿಗುವುದಿಲ್ಲ.

ಒಂದೇ ಸಲಕ್ಕೆ ಕೂರಲು ಆಗದ ಪುಟ್ಟ ಮಕ್ಕಳಿದ್ದರೆ ಎರಡು ಭಾಗ ಮಾಡಿ. ಆದರೆ ಎಲ್ಲಿ ನಿಲ್ಲಿಸುತ್ತೀರಿ ಅನ್ನೋದನ್ನ ಮೊದಲೇ ಗುರುತು ಮಾಡಿಕೊಳ್ಳಿ. ಕಿಕಿ ಒಂದು ಮನೆಗೆ ತಲುಪಿಸಬೇಕಿದ್ದ ಬೆಕ್ಕಿನ ಗೊಂಬೆ ಕಾಡಿನಲ್ಲಿ ಬಿದ್ದುಹೋಗಿ, ಅದರ ಜಾಗದಲ್ಲಿ ಜೀಜಿ ಗೊಂಬೆಯ ಹಾಗೆ ಉಸಿರು ಬಿಗಿಹಿಡಿದು ಕೂತು, ಕೊನೆಗೆ ಆ ಮನೆಯ ಮುದಿ ನಾಯಿ ಅದನ್ನು ಹೊರಗೆ ತಂದು ಬಿಡುವ ಪ್ರಸಂಗ ಇದೆಯಲ್ಲ, ಅದು ಮುಗಿದ ಮೇಲೆ ನಿಲ್ಲಿಸಿ. ಮಗು ನಗುತ್ತಾ ಮಲಗುತ್ತದೆ. ಕಿಕಿಗೆ ಹಾರುವ ಶಕ್ತಿ ಹೋದ ಮೇಲೆ ಮಾತ್ರ ನಿಲ್ಲಿಸಲೇಬೇಡಿ. ಅಲ್ಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ನೋಡಬೇಕು.

ಮೊದಲ ಹತ್ತು ನಿಮಿಷ ಸುಮ್ನೆ ಪರಿಚಯ ಅಂದುಕೊಂಡು ಮೊಬೈಲ್ ನೋಡಬೇಡಿ. ಕೆರೆಯ ದಂಡೆಯ ಹುಲ್ಲಿನ ಮೇಲೆ ಮಲಗಿ ಕಿಕಿ ರೇಡಿಯೋದಲ್ಲಿ ಹವಾಮಾನ ಕೇಳುತ್ತಾಳೆ, ಇವತ್ತೇ ರಾತ್ರಿ ಹೊರಡಬೇಕು ಅಂತ ತೀರ್ಮಾನಿಸಿ ಮನೆಗೆ ಓಡುತ್ತಾಳೆ. ಅಪ್ಪ ವಾರದ ಕೊನೆಯಲ್ಲಿ ಎಲ್ಲರೂ ಕ್ಯಾಂಪಿಂಗ್ ಹೋಗೋಣ ಅಂತ ಸಾಮಾನು ತಂದಿದ್ದಾನೆ, ಪಾಪ. ಚಿಕ್ಕವಳಿದ್ದಾಗ ಎತ್ತುತ್ತಿದ್ದ ಹಾಗೆ ಒಮ್ಮೆ ಎತ್ತಿ ತಿರುಗಿಸು ಅಂತ ಮಗಳು ಕೇಳುತ್ತಾಳೆ, ಅವನು ಎತ್ತುತ್ತಾನೆ. ಅಮ್ಮ ತನ್ನ ಹಳೆ ಪೊರಕೆಯನ್ನೇ ತೆಗೆದುಕೊಂಡು ಹೋಗು ಅಂತ ಹಟ ಮಾಡುತ್ತಾಳೆ, ಕಿಕಿಗೆ ತಾನೇ ಮಾಡಿಕೊಂಡ ಹೊಸದೇ ಬೇಕು. ಕೊನೆಗೆ ಅಮ್ಮನ ಪೊರಕೆಯೇ ಗೆಲ್ಲುತ್ತದೆ. ಈ ಪೊರಕೆಯನ್ನು ನೆನಪಲ್ಲಿಡಿ. ಮುಂದೆ ಅದು ಮುರಿಯುತ್ತದೆ. ಇನ್ನೊಂದು, ಅವಳು ಹೊರಟಾಗ ಮರಗಳ ತುದಿಯಲ್ಲಿ ಗಂಟೆಗಳ ಸದ್ದು ಕೇಳುತ್ತದೆ. ಹಾರಲು ಕಲಿಯುವಾಗ ಮರಕ್ಕೆ ಗುದ್ದಿಕೊಳ್ಳುತ್ತಾಳೆ ಅಂತ ಕಟ್ಟಿದ ಗಂಟೆಗಳು ಅವು. ಆ ಸದ್ದು ಇನ್ನು ಕೇಳುವುದಿಲ್ಲವಲ್ಲ ಅಂತ ಬೀಳ್ಕೊಡಲು ಬಂದವರು ಅನ್ನುತ್ತಾರೆ. ನಿಮ್ಮ ಕಣ್ಣು ಒದ್ದೆಯಾದರೆ ಆಗಲಿ, ಮಗುವಿನಿಂದ ಮುಚ್ಚಿಡಬೇಡಿ.

ಊರಿಗೆ ಬಂದ ಮೇಲಿನ ಭಾಗದಲ್ಲಿ ನಿಮಗೆ ಕೆಲಸ ಕಮ್ಮಿ. ಮಗುವಿಗೆ ಅದೇ ಹಬ್ಬ. ಟ್ರಾಫಿಕ್ ಮಧ್ಯೆ ಹಾರಿ ಪೊಲೀಸ್ ಕೈಲಿ ಬೈಸಿಕೊಳ್ಳುವುದು, ಹೋಟೆಲಿನಲ್ಲಿ ರೂಮ್ ಸಿಗದಿರುವುದು, ಬೇಕರಿಯ ಒಸೊನೊ ಪರಿಚಯ ಆಗುವುದು, ಅವಳು ಇರಲು ಕೊಡುವ, ಮೇಲಿನ ಧೂಳು ತುಂಬಿದ ಕೋಣೆ. ಇಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ನೋಡುತ್ತಲೇ ಉತ್ತರ ಕೊಡಿ, ಪರವಾಗಿಲ್ಲ. ಗುರುತಿಲ್ಲದವರ ಮನೆಯಲ್ಲಿ ಇರಬಹುದಾ ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಅದು ಕಥೆಯ ಲೋಕ, ಇಲ್ಲಿ ಹಾಗೆ ಮಾಡಬಾರದು ಅಂತ ನೇರವಾಗಿ ಹೇಳಿ ಮುಂದೆ ಹೋಗಿ. ಕಿಕಿ ಕೂಡ ಬೀದಿಯಲ್ಲಿ ಮಾತಾಡಿಸಲು ಬಂದ ಟೊಂಬೊ ಎಂಬ ಹುಡುಗನನ್ನು ಮೊದಲು ಸರಿಯಾಗಿ ಬೈದು ಕಳಿಸುತ್ತಾಳೆ, ಅದನ್ನೂ ನೆನಪಿಸಬಹುದು.

ಈಗ ಮುಖ್ಯ ವಿಷಯ. ಮಳೆ, ಮೀನಿನ ಪೈ, ಜ್ವರ, ಆಮೇಲೆ ಹಾರಲಾಗದಿರುವುದು. ಈ ಭಾಗದಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಏನಾಗುತ್ತದೆ ನೋಡಿ. ಒಬ್ಬ ಅಜ್ಜಿ ಮೊಮ್ಮಗಳ ಪಾರ್ಟಿಗೆ ಪೈ ಕಳಿಸಬೇಕು. ಎಲೆಕ್ಟ್ರಿಕ್ ಓವನ್ ಕೆಲಸ ಮಾಡುತ್ತಿಲ್ಲ. ಕಿಕಿ ಹಳೆಯ ಸೌದೆ ಒಲೆ ಹೊತ್ತಿಸಿ ಅದನ್ನು ಬೇಯಿಸಲು ನೆರವಾಗುತ್ತಾಳೆ, ತನ್ನ ಸಂಜೆಯ ಕಾರ್ಯಕ್ರಮ ತಪ್ಪಿಸಿಕೊಂಡು ಮಳೆಯಲ್ಲಿ ನೆನೆದು ತಲುಪಿಸುತ್ತಾಳೆ. ಬಾಗಿಲು ತೆಗೆದ ಮೊಮ್ಮಗಳು ಅಜ್ಜಿಯ ಈ ಪೈ ನನಗೆ ಇಷ್ಟವಿಲ್ಲ ಅಂತ ಮುಖ ಸಿಂಡರಿಸಿ ಬಾಗಿಲು ಹಾಕುತ್ತಾಳೆ. ಅಷ್ಟೇ. ಬೈಗುಳವಿಲ್ಲ, ಅನ್ಯಾಯ ಅನ್ನುವಂಥದ್ದೂ ಇಲ್ಲ. ಆದರೆ ಕಿಕಿಯೊಳಗೆ ಏನೋ ಒಂದು ಕುಸಿಯುತ್ತದೆ. ಕೆಲವು ದಿನ ಕಳೆದು ಟೊಂಬೊ ಜೊತೆ ಕಡಲ ದಂಡೆಯಲ್ಲಿ ನಗುತ್ತಾ ಇದ್ದವಳು ಅವನ ಗೆಳೆಯರ ಕಾರು ಬಂದ ತಕ್ಷಣ ಮುಖ ಗಂಟಿಕ್ಕಿಕೊಂಡು ನಡೆದುಬಿಡುತ್ತಾಳೆ. ಆ ಕಾರಿನಲ್ಲಿ ಪೈ ಬೇಡ ಅಂದ ಹುಡುಗಿಯೂ ಇದ್ದಾಳೆ. ಎಲ್ಲರದ್ದೂ ಬಣ್ಣದ ಬಟ್ಟೆ, ತನ್ನದು ಮಾತ್ರ ಕಪ್ಪು. ಅದೇ ಹೊತ್ತಿನಲ್ಲಿ ಜೀಜಿಯ ಮಾತು ಅವಳಿಗೆ ಬರೀ ಮಿಯಾಂವ್ ಆಗಿ ಕೇಳಿಸುತ್ತದೆ. ಪೊರಕೆ ಹಾರುವುದಿಲ್ಲ.

ಯಾಕೆ ಅಂತ ಸಿನಿಮಾ ಹೇಳುವುದಿಲ್ಲ. ಮಗು ತಿರುಗಿ ನಿಮ್ಮನ್ನು ಕೇಳುತ್ತದೆ, ‘ಯಾಕೆ ಹಾರೋಕಾಗ್ತಿಲ್ಲ?’ ಆಗ ನಿಮಗೆ ಗೊತ್ತಿರುವ ಉತ್ತರ ಕೊಡುವ ಆಸೆ ಬರುತ್ತದೆ. ಆತ್ಮವಿಶ್ವಾಸ, ಸುಸ್ತು, ಹೊಟ್ಟೆಕಿಚ್ಚು, ಹರೆಯ ಅಂತ ಏನೇನೋ ಹೇಳಬಹುದು. ಕೊಡಬೇಡಿ. ‘ನಿನಗೇನನ್ಸತ್ತೆ?’ ಅಂತ ಕೇಳಿ, ಏನು ಹೇಳಿದರೂ ‘ಹ್ಞೂಂ, ಇರಬಹುದು’ ಅನ್ನಿ. ಪಾಝ್ ಬಟನ್ ಒತ್ತಬೇಡಿ. ನಿನ್ನೆಯವರೆಗೆ ಸುಲಭವಾಗಿ ಬರುತ್ತಿದ್ದದ್ದು ಇವತ್ತು ಬರದೇ ಹೋಗುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಹಾಡು, ಚಿತ್ರ, ಆಟ, ಗೆಳೆತನ ಯಾವುದರಲ್ಲಾದರೂ ಅದು ಆಗಿಯೇ ಇರುತ್ತದೆ. ಅದಕ್ಕೆ ಅವರ ಬಳಿ ಹೆಸರಿಲ್ಲ ಅಷ್ಟೇ. ನಾವು ಅವಸರದಲ್ಲಿ ಹೆಸರಿಟ್ಟರೆ ಅವರು ಅದನ್ನು ತಮ್ಮದು ಅಂತ ಗುರುತಿಸುವ ಮೊದಲೇ ಅದು ನಮ್ಮ ಪಾಠ ಆಗಿಬಿಡುತ್ತದೆ.

ಆಮೇಲೆ ಉರ್ಸುಲಾ ಬರುತ್ತಾಳೆ. ತನಗೂ ಚಿತ್ರ ಬಿಡಿಸಲು ಆಗದ ಕಾಲ ಬಂದಿತ್ತು, ಆಗ ಬಿಡಿಸುವುದನ್ನೇ ಬಿಟ್ಟು ನಡೆದಾಡಿದೆ, ಮಲಗಿದೆ, ಏನೂ ಮಾಡದೆ ಇದ್ದೆ, ಒಂದು ದಿನ ಮತ್ತೆ ಬಿಡಿಸಬೇಕು ಅನಿಸಿತು ಅಂತಾಳೆ. ದೊಡ್ಡವರು ಮಕ್ಕಳಿಗೆ ಹೇಳುವ ‘ಇನ್ನೂ ಪ್ರಯತ್ನ ಪಡು’ ಅನ್ನೋದಕ್ಕೆ ಇದು ಪೂರಾ ಉಲ್ಟಾ. ಈ ಮಾತನ್ನು ಮಗುವಿಗೆ ಸರಿಯಾಗಿ ತಲುಪಿಸಿ. ಸಬ್‌ಟೈಟಲ್ ಓದಿ ಹೇಳುತ್ತಿದ್ದರೆ ಇಲ್ಲಿ ಒಂದು ಸಾಲೂ ಬಿಡಬೇಡಿ. ಅದಾದ ಮೇಲೆ ಪೈ ಮಾಡಿದ ಅಜ್ಜಿ ಕಿಕಿಗಾಗಿಯೇ ಒಂದು ಚಾಕೊಲೇಟ್ ಕೇಕ್ ಮಾಡಿಟ್ಟಿರುತ್ತಾಳೆ, ಅದರ ಮೇಲೆ ಕಿಕಿಯ ಹೆಸರು. ಕಿಕಿ ಅಳುತ್ತಾಳೆ. ಇಲ್ಲಿ ಕೂಡ ‘ನೋಡು, ಒಳ್ಳೇದು ಮಾಡಿದ್ರೆ ಒಳ್ಳೇದಾಗತ್ತೆ’ ಅನ್ನಬೇಡಿ, ದಯವಿಟ್ಟು.

ಕೊನೆಯ ಭಾಗ ತಾನಾಗೇ ಓಡುತ್ತದೆ. ಟೊಂಬೊ ವಾಯುನೌಕೆಯ ಹಗ್ಗಕ್ಕೆ ಸಿಕ್ಕಿಕೊಂಡಿದ್ದಾನೆ, ಕಿಕಿ ಬೀದಿಯಲ್ಲಿ ಒಬ್ಬ ಮುದುಕನ ಹತ್ತಿರ ನೆಲ ಉಜ್ಜುವ ಬ್ರಷ್ ಇಸಿದುಕೊಂಡು ಹಾರುತ್ತಾಳೆ. ಅದು ನೆಟ್ಟಗೆ ಹಾರುವುದೂ ಇಲ್ಲ, ಗೋಡೆಗೆಲ್ಲ ಗುದ್ದುತ್ತದೆ. ಅಮ್ಮನ ಪೊರಕೆಯೂ ಅಲ್ಲ, ತಾನು ಮಾಡಿದ್ದೂ ಅಲ್ಲ. ಯಾರದೋ ಬ್ರಷ್. ನೋಡಿ ಮುಗಿದ ಮೇಲೆ ಮಗುವನ್ನು ಕೇಳಬಹುದಾದ ಒಂದೇ ಒಂದು ಪ್ರಶ್ನೆ ಇದ್ದರೆ ಇದನ್ನೇ ಕೇಳಿ: ಅದು ಮಾಮೂಲಿ ಬ್ರಷ್, ಮತ್ತೆ ಹೇಗೆ ಹಾರಿತು?

ಹೆಸರುಗಳು ಬರಲು ಶುರುವಾದಾಗ ರಿಮೋಟ್ ಮುಟ್ಟಬೇಡಿ. ಕಥೆ ಅಲ್ಲೂ ನಡೆಯುತ್ತಿರುತ್ತದೆ. ಜೀಜಿಯ ಮರಿಗಳು ಕಾಣುತ್ತವೆ, ಕಿಕಿಯ ಹಾಗೆ ಬಟ್ಟೆ ಹಾಕಿಕೊಂಡ ಒಂದು ಪುಟ್ಟ ಹುಡುಗಿ ಕಾಣುತ್ತಾಳೆ, ಅಪ್ಪ ಅಮ್ಮನಿಗೆ ಕಿಕಿಯ ಕಾಗದ ತಲುಪುತ್ತದೆ. ಬೇಜಾರಾಗುವ ದಿನಗಳೂ ಇರುತ್ತವೆ, ಆದರೂ ಈ ಊರು ನನಗಿಷ್ಟ ಅಂತ ಬರೆದಿದ್ದಾಳೆ.

ಜೀಜಿ ಮತ್ತೆ ಮಾತಾಡಲಿಲ್ಲ ಅಂತ ಕೆಲವು ಮಕ್ಕಳು ಅತ್ತುಬಿಡುತ್ತಾರೆ. ಇದಕ್ಕೆ ಸಿದ್ಧವಾಗಿರಿ. ಮೂಲದಲ್ಲಿ ಅದು ಕೊನೆಗೂ ಮಿಯಾಂವ್ ಅಂತಲೇ ಅನ್ನುತ್ತದೆ, ಆದರೆ ಅವಳ ಹೆಗಲೇರಿ ಕೂರುತ್ತದೆ. ಮಾತು ಹೋಯಿತು, ಬೆಕ್ಕು ಹೋಗಲಿಲ್ಲ. ಚಿಕ್ಕವರಿಗೆ ಇಷ್ಟು ಸಾಕು. ದೊಡ್ಡ ಮಕ್ಕಳು ತಾವೇ ಇದಕ್ಕೆ ಕಾರಣ ಹುಡುಕುತ್ತಾರೆ. ನನಗನಿಸುವುದು, ಜೀಜಿ ಅಷ್ಟು ದಿನ ಆಡಿದ್ದು ಕಿಕಿಯ ಮನಸ್ಸಿನ ಮಾತೇ, ಈಗ ಅವಳಿಗೆ ಮಾತಾಡಲು ಊರು ತುಂಬ ಜನ ಇದ್ದಾರೆ. ಇದು ನನ್ನ ಓದು. ನಿಮ್ಮ ಮಗುವಿನದು ಬೇರೆ ಇದ್ದರೆ ಅದನ್ನೇ ನಂಬಲಿ.

ಹದಿಮೂರು ಹದಿನಾಲ್ಕರ ಮಕ್ಕಳಿಗೆ ಮಾತ್ರ ಬೇರೆ ದಾರಿ. ‘ಕಾರ್ಟೂನ್ ಬಾ’ ಅಂತ ಕರೆದರೆ ಬರುವುದಿಲ್ಲ. ನೀವು ನಿಮ್ಮ ಪಾಡಿಗೆ ಹಾಕಿಕೊಂಡು ನೋಡಲು ಶುರು ಮಾಡಿ. ಬಂದು ಕೂತರೆ ಕೂರಲಿ, ಮಧ್ಯದಲ್ಲಿ ಬಂದರೂ ಮೊದಲಿಂದ ಹೇಳಲು ಹೋಗಬೇಡಿ. ಮುಗಿದ ಮೇಲೆ ಹೇಗಿತ್ತು ಅಂತ ಕೇಳಲೇಬೇಡಿ.

ಇದು ಇಷ್ಟವಾದರೆ ಮುಂದೇನು? ಪುಟ್ಟ ಮಕ್ಕಳಿದ್ದರೆ 1988ರ ‘ಮೈ ನೇಬರ್ ಟೊಟೊರೊ’. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಇಬ್ಬರು ಅಕ್ಕತಂಗಿಯರು ಹಳ್ಳಿಯ ಮನೆಗೆ ಬರುವ ಕಥೆ. ಹತ್ತು ದಾಟಿದವರಿಗೆ 2001ರ ‘ಸ್ಪಿರಿಟೆಡ್ ಅವೇ’, ಅದರಲ್ಲಿ ಹೆದರಿಸುವ ದೃಶ್ಯಗಳಿವೆ, ಹಾಗಾಗಿ ಹಗಲು ಹೊತ್ತು ಹಾಕಿ. ಹರೆಯದವರಿಗೆ 1995ರ ‘ವಿಸ್ಪರ್ ಆಫ್ ದ ಹಾರ್ಟ್’, ಅದರಲ್ಲಿ ಹುಡುಗಿಯೊಬ್ಬಳು ಕಥೆ ಬರೆಯಲು ಹೊರಟು ತನಗೆ ಬರೆಯಲು ಬರುತ್ತದಾ ಇಲ್ಲವಾ ಅಂತ ಕಂಡುಕೊಳ್ಳುತ್ತಾಳೆ. ಒಂದರ ಹಿಂದೆ ಒಂದು ಹಾಕಬೇಡಿ. ಮಧ್ಯೆ ಕೆಲವು ವಾರ ಬಿಡಿ, ಅಷ್ಟರಲ್ಲಿ ಮಗು ಕಿಕಿಯನ್ನೇ ಮತ್ತೆ ಕೇಳಿದರೆ ಹೊಸದನ್ನು ಬಿಟ್ಟು ಅದನ್ನೇ ಹಾಕಿ.