ಚಂದ್ರತಾಲ್‌ಗೆ ಹೋಗುವಾಗ ಶಿಮ್ಲಾ, ಬರುವಾಗ ಮನಾಲಿ

ಹಿಮಾಚಲದ ಚಂದ್ರತಾಲ್ ಸರೋವರಕ್ಕೆ ಮನಾಲಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ತಲುಪಬಹುದು. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ತಲುಪಿದ್ದೇನೋ ನಿಜ, ಆದರೆ ರಾತ್ರಿಯೆಲ್ಲ ತಲೆ ಸಿಡಿತ, ವಾಂತಿ. ಸರೋವರ ನೋಡಿದ್ದು ಹತ್ತೇ ನಿಮಿಷ! ಎರಡನೇ ಸಲ ದಾರಿಯನ್ನೇ ತಿರುಗಿಸಿದೆ. ಆ ಪ್ಲಾನ್ ಇಲ್ಲಿದೆ.

ಮೊದಲು ಎತ್ತರದ ಲೆಕ್ಕ ಹಾಕಿ. ಚಂದ್ರತಾಲ್ ಇರುವುದು ಸುಮಾರು 4300 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಅದರ ಎರಡು ಪಟ್ಟಿಗಿಂತ ಜಾಸ್ತಿ ಆಯ್ತಲ್ವಾ? ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟು ಮಾತ್ರ. ಮನಾಲಿ 2000 ಮೀಟರ್ ಆಸುಪಾಸಿನಲ್ಲಿದೆ. ಒಂದೇ ದಿನದಲ್ಲಿ ಅಷ್ಟು ಏರಿ ಅಲ್ಲೇ ಮಲಗಿದರೆ ದೇಹ ತಕರಾರು ತೆಗೆಯುತ್ತದೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ.

ಹಾಗಾಗಿ ಶಿಮ್ಲಾದಿಂದ ಶುರು ಮಾಡಿ. ಅದು ಸುಮಾರು 2200 ಮೀಟರ್. ಮುಂದೆ ಕಿನ್ನೌರ್‌ನ ಕಲ್ಪಾ, 3000ಕ್ಕೆ ಹತ್ತಿರ. ಆಮೇಲೆ ತಾಬೋ, 3300ರ ಸಮೀಪ. ಅಲ್ಲಿನ ಬೌದ್ಧ ವಿಹಾರ ಕಟ್ಟಿದ್ದು 996ರಲ್ಲಿ. ಮಣ್ಣಿನ ಗೋಡೆಗಳ ಮೇಲಿನ ಚಿತ್ರಗಳಿಗೆ ಅರ್ಧ ದಿನ ಕೊಟ್ಟರೂ ಸಾಲದು. ನಂತರ ಕಾಜಾ, 3600ಕ್ಕೂ ಮೇಲೆ. ಇಲ್ಲಿ ಎರಡು ರಾತ್ರಿ ಕಡ್ಡಾಯ. ಐದನೇ ದಿನಕ್ಕೆ ಏದುಸಿರು ಕಡಿಮೆಯಾಗಿರುತ್ತದೆ. ಆಮೇಲೆ ಕುಂಜುಮ್ ಪಾಸ್ ಎಂಬ ಎತ್ತರದ ಘಟ್ಟದಾರಿ ದಾಟಿ ಚಂದ್ರತಾಲ್‌ಗೆ ಇಳಿಯಿರಿ. ಒಟ್ಟು ಎಂಟು ದಿನ ರಜೆ ಬೇಕು. ಅಷ್ಟು ಸಿಗದಿದ್ದರೆ ಈ ವರ್ಷ ಬೇರೆ ಊರು ನೋಡಿ, ಸುಮ್ನೆ ಓಡಬೇಡಿ. ಬಿಪಿ, ಹೃದಯ, ಶ್ವಾಸದ ತೊಂದರೆ ಇರುವವರು ಟಿಕೆಟ್‌ಗೂ ಮೊದಲು ವೈದ್ಯರನ್ನು ಕೇಳಿ.

ತಿಂಗಳು? ಸೆಪ್ಟೆಂಬರ್. ರಸ್ತೆ ತೆರೆಯುವುದು ಸಾಮಾನ್ಯವಾಗಿ ಜೂನ್‌ನಲ್ಲಿ, ಮುಚ್ಚುವುದು ಅಕ್ಟೋಬರ್ ಹೊತ್ತಿಗೆ. ಜುಲೈ ನಂಬಬೇಡಿ. 2023ರ ಜುಲೈನಲ್ಲಿ ಮಳೆ, ಹಿಮಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಇಲ್ಲೇ ಕೆಲವು ದಿನ ಉಳಿಯಬೇಕಾಯಿತು.

ಡೇರೆ ಮೊದಲೇ ಬುಕ್ ಮಾಡಿ. ಸರೋವರದ ದಡದಲ್ಲಿ ಡೇರೆ ಹಾಕುವಂತಿಲ್ಲ. 2005ರಿಂದ ಇದು ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿದೆ. ಡೇರೆಗಳಿರುವುದು ಕೆಲವು ಕಿಲೋಮೀಟರ್ ಈಚೆಗೆ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ, ಕಾಜಾದಿಂದಲೇ ಮನೆಗೆ ಫೋನ್ ಮಾಡಿ ಹೇಳಿಬಿಡಿ. ನಗದು ಇಟ್ಟುಕೊಳ್ಳಿ. ಪೆಟ್ರೋಲ್, ಡೀಸೆಲ್ ಕೂಡ ಕಾಜಾದಲ್ಲೇ ತುಂಬಿಸಿ. ಚಂದ್ರತಾಲ್‌ನ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಯಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದು ಕಷ್ಟ. ರೊಟ್ಟಿ, ದಾಲ್ ಕೊಟ್ಟರೆ ಬಿಸಿ ಆರುವ ಮೊದಲೇ ತಿಂದುಬಿಡಿ.

ಇನ್ನು ಮುಖ್ಯ ಕೆಲಸ. ಸಂಜೆ ತಲುಪಿದ ಕೂಡಲೇ ಸರೋವರಕ್ಕೆ ಓಡಬೇಡಿ. ಗಾಳಿ ಇರುತ್ತದೆ, ಜನ ಇರುತ್ತಾರೆ. ಬೆಳಿಗ್ಗೆ ಐದೂವರೆಗೆ ಏಳಿ. ವಾಹನ ನಿಲ್ಲುವ ಜಾಗದಿಂದ ಸ್ವಲ್ಪ ದೂರ ನಡಿಗೆ. ಆ ಹೊತ್ತಿಗೆ ಗಾಳಿ ಎದ್ದಿರುವುದಿಲ್ಲ. ಎದುರಿನ ಬೆಟ್ಟ ತಲೆಕೆಳಗಾಗಿ ನೀರಲ್ಲಿ ನಿಂತಿರುತ್ತದೆ. ದಡ ಹಿಡಿದು ನಿಧಾನ ಸುತ್ತು ಹಾಕಿದರೆ ಅರ್ಧಚಂದ್ರದ ಆಕಾರ ಗೊತ್ತಾಗುತ್ತದೆ. ಈಜಬೇಡಿ. ಸ್ಪೀಕರ್ ಬೇಡವೇ ಬೇಡ.

ಒಂಬತ್ತರೊಳಗೆ ಹೊರಡಿ. ಮನಾಲಿ ಕಡೆಯ ದಾರಿಯಲ್ಲಿ ಬಾತಲ್‌ನಿಂದ ಗ್ರಾಂಫೂವರೆಗೆ ಬರೀ ಕಲ್ಲು, ನಡುನಡುವೆ ರಸ್ತೆ ಮೇಲೇ ಹರಿಯುವ ನಾಲಾಗಳು. ಬಿಸಿಲು ಏರಿದಂತೆ ಹಿಮ ಕರಗಿ ಮಧ್ಯಾಹ್ನ ಅವು ಉಕ್ಕುತ್ತವೆ, ಬೆಳಿಗ್ಗೆ ನೀರು ಕಡಿಮೆ. ಸಣ್ಣ ಕಾರಾದರೆ ಅಡಿಭಾಗ ತಗಲುವುದು ಗ್ಯಾರಂಟಿ. ಗ್ರಾಂಫೂ ದಾಟಿದರೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಸಿಗುತ್ತದೆ, ಸಂಜೆಯ ಊಟಕ್ಕೆ ಮನಾಲಿ.