ರೋಹು ತಳಿ ಕೆಡದಂತೆ ಮರಿ ಮಾಡಿಸುವುದು ಹೇಗೆ?

ರೋಹು, ಕಾಟ್ಲಾ ಮರಿಗಳು ಮೊದಲಿನಂತೆ ಬೆಳೆಯುತ್ತಿಲ್ಲ ಎನಿಸಿದರೆ ಸಾಕಣೆದಾರರು ಮೊದಲು ಮೇವನ್ನು ದೂರುತ್ತಾರೆ, ಆಮೇಲೆ ನೀರನ್ನು. ಎರಡೂ ಸರಿಯಿದ್ದರೆ ಮರಿಗಳ ಅಪ್ಪ ಅಮ್ಮಂದಿರ ಕಡೆ ನೋಡಬೇಕು: ಅವು ಹತ್ತಿರದ ನೆಂಟರಾಗಿದ್ದರೆ ಮರಿಗಳ ಬೆಳವಣಿಗೆ ಕುಗ್ಗಬಹುದು. ಕರ್ನಾಟಕದ ಮೀನುಮರಿ ಕೇಂದ್ರಗಳ ಗೆಂಡೆ ಮೀನುಗಳ (ರೋಹು, ಕಾಟ್ಲಾದಂಥವು) ಬಗ್ಗೆ ಸಂಶೋಧಕರಾದ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿ ರಕ್ತಸಂಬಂಧದ ಪ್ರಮಾಣ (ನೆಂಟ ಮೀನುಗಳೇ ಕೂಡುವುದರಿಂದ ಮರಿಗಳಲ್ಲಿ ಆಗುವ ಒಳತಳಿಯ ಅಳತೆ) ಪ್ರತಿ ತಲೆಮಾರಿಗೆ ಶೇ 2ರಿಂದ 17ರಷ್ಟು ಏರುತ್ತಿದೆ ಎಂದು ಅಂದಾಜು ಮಾಡಿತ್ತು. ಒಡಹುಟ್ಟಿದ ಮೀನುಗಳನ್ನೇ ಕೂಡಿಸಿದರೆ ಮರಿಗಳಲ್ಲಿ ಈ ಪ್ರಮಾಣ ಶೇ 25. ಶೇ 17 ಎಂದರೆ ಏನೆಂದು ಇದರಿಂದಲೇ ಅಂದಾಜಾದೀತು.

ಇದರ ಬೇರು ನಮ್ಮ ಅನುಕೂಲದಲ್ಲೇ ಇದೆ. ಹಿಂದೆ ರೋಹು ಮರಿಗಳನ್ನು ನದಿಯಿಂದ ಹಿಡಿದು ತರುತ್ತಿದ್ದರು. ಅವು ಯಾವ ಯಾವ ತಂದೆ ತಾಯಿಯ ಮಕ್ಕಳೋ, ಬೆರಕೆ ತಾನಾಗಿಯೇ ಆಗುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ತತ್ತಿ ಇಡಿಸಿದ ಮೇಲೆ ನದಿಯ ಹಂಗು ತಪ್ಪಿತು. ಒಂದು ಹೆಣ್ಣು ಲಕ್ಷಗಟ್ಟಲೆ ತತ್ತಿ ಇಡುವಾಗ ನೂರು ಹೆಣ್ಣುಗಳನ್ನು ಸಾಕುವವರು ಯಾರು? ಹತ್ತು ಸಾಕು ಎಂಬ ಲೆಕ್ಕಾಚಾರ ಅಲ್ಲಿಂದ ಶುರುವಾಯಿತು. ದಕ್ಷಿಣದಲ್ಲಿ ತೊಂದರೆ ಇನ್ನೂ ಒಂದು ಕೈ ಹೆಚ್ಚು. ರೋಹು ಮತ್ತು ಕಾಟ್ಲಾ ಮೂಲತಃ ಉತ್ತರದ ನದಿಗಳವು. ಇಲ್ಲಿರುವುದು ಅಲ್ಲಿಂದ ತಂದು ಬಿಟ್ಟ ಮೀನುಗಳ ಸಂತತಿ.

ಮೊದಲು ಎಣಿಕೆ ಮಾಡಿ. ಕೊಳದಲ್ಲಿ ಎಷ್ಟು ಮೀನುಗಳಿವೆ ಎಂದಲ್ಲ, ಈ ವರ್ಷ ಎಷ್ಟು ಗಂಡು ಮತ್ತು ಎಷ್ಟು ಹೆಣ್ಣು ನಿಜವಾಗಿಯೂ ಮರಿ ಮಾಡಿದವು ಎಂದು. ಎರಡು ಸಂಖ್ಯೆಗಳನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಮರಿ ಮಾಡಿದ ಒಟ್ಟು ಮೀನುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಪರಿಣಾಮಕಾರಿ ಸಂಖ್ಯೆ. ಐವತ್ತು ಗಂಡು, ಐವತ್ತು ಹೆಣ್ಣು ಇದ್ದರೆ ಉತ್ತರ 100. ಅದೇ ನೂರು ಮೀನುಗಳಲ್ಲಿ ಹತ್ತು ಗಂಡು, ತೊಂಬತ್ತು ಹೆಣ್ಣು ಇದ್ದರೆ ಉತ್ತರ 36 ಮಾತ್ರ. ಯಾವುದು ಕಡಿಮೆಯೋ ಅದೇ ಗತಿಯನ್ನು ನಿರ್ಧರಿಸುತ್ತದೆ. ಈ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಒಂದು ತಲೆಮಾರಿನಲ್ಲಿ ರಕ್ತಸಂಬಂಧ ಎಷ್ಟು ಏರುತ್ತದೆ ಎಂದು ತಿಳಿಯುತ್ತದೆ: 36ಕ್ಕೆ ಸುಮಾರು ಶೇ 1.4. ಶೇ 1 ಮೀರದಿರಲಿ ಎಂಬುದು ತಳಿತಜ್ಞರ ಹಳೆಯ ಸೂತ್ರ. ಅದಕ್ಕೆ ಕನಿಷ್ಠ 50 ಬೇಕು. ಹೆಣ್ಣಿಗೆ ಎರಡು ಗಂಡಿನಂತೆ ಬಿಡುವವರಿಗೆ ಇಪ್ಪತ್ತು ಹೆಣ್ಣು, ನಲವತ್ತು ಗಂಡು ಇದ್ದರೆ 53 ಬರುತ್ತದೆ.

ಒಂದು ವರ್ಷದ ಉದಾಸೀನವನ್ನು ಮುಂದೆ ಸರಿಪಡಿಸಿದರಾಯಿತು ಎಂದುಕೊಳ್ಳಬೇಡಿ. ಮೂರು ತಲೆಮಾರುಗಳಲ್ಲಿ ಪರಿಣಾಮಕಾರಿ ಸಂಖ್ಯೆ ಕ್ರಮವಾಗಿ 100, 100, 10 ಇದ್ದರೆ ಸರಾಸರಿ 70 ಅಲ್ಲ, 25. ಇಲ್ಲಿ ಹಿಡಿಯಬೇಕಾದದ್ದು ಹರಾತ್ಮಕ ಸರಾಸರಿ (ಒಂದನ್ನು ಪ್ರತಿ ಸಂಖ್ಯೆಯಿಂದ ಭಾಗಿಸಿ ಕೂಡಿಸಿ, ಆ ಮೊತ್ತದಿಂದ ತಲೆಮಾರುಗಳ ಎಣಿಕೆಯನ್ನು ಭಾಗಿಸಿದರೆ ಸಿಗುವುದು), ಅದು ಕಡಿಮೆ ಸಂಖ್ಯೆಯ ಕಡೆಗೇ ವಾಲುತ್ತದೆ. ಒಮ್ಮೆ ಕಳೆದುಹೋದ ಜೀನ್ ರೂಪಗಳು (ಒಂದೇ ಜೀನಿನ ಬೇರೆ ಬೇರೆ ಬಗೆಗಳು) ಮೀನುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮರಳುವುದಿಲ್ಲ.

ಎರಡನೆಯದು ಕೂಡಿಸುವ ಕ್ರಮ. ಹಲವು ಗಂಡುಗಳ ವೀರ್ಯವನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ತತ್ತಿಯ ಮೇಲೆ ಸುರಿಯುವ ರೂಢಿ ಅನೇಕ ಕಡೆ ಇದೆ. ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ಚುರುಕಾದ ಒಂದೆರಡು ಗಂಡುಗಳ ವೀರ್ಯವೇ ಬಹುಪಾಲು ತತ್ತಿಗಳನ್ನು ಫಲಿತಗೊಳಿಸುತ್ತದೆ, ಉಳಿದವು ಲೆಕ್ಕಕ್ಕಷ್ಟೆ. ತತ್ತಿಯನ್ನು ಹಿಂಡಿ ತೆಗೆಯುವವರು ಅದನ್ನು ಪಾಲು ಮಾಡಿ, ಪ್ರತಿ ಪಾಲಿಗೆ ಬೇರೆ ಗಂಡಿನ ವೀರ್ಯ ಸೇರಿಸಿ, ಫಲಿತವಾದ ಮೇಲೆ ಬೆರೆಸಲಿ. ತೊಟ್ಟಿಯಲ್ಲಿ ತಾವಾಗಿಯೇ ಕೂಡಲು ಬಿಡುವವರು ಒಂದು ದೊಡ್ಡ ಗುಂಪಿನ ಬದಲು ಹಲವು ಸಣ್ಣ ಗುಂಪುಗಳನ್ನು ಮಾಡಲಿ. ಜಾಗ ಉಳಿಸಲು ರೋಹು, ಕಾಟ್ಲಾ, ಮೃಗಾಲ್ ಮೂರನ್ನೂ ಒಂದೇ ತೊಟ್ಟಿಗೆ ಬಿಡುವುದು ಮಾತ್ರ ಬೇಡವೇ ಬೇಡ. ಮೂರರಲ್ಲೂ ವರ್ಣತಂತುಗಳು 50 ಇರುವುದರಿಂದ ಅಡ್ಡಮರಿಗಳು ಸುಲಭವಾಗಿ ಹುಟ್ಟುತ್ತವೆ. ಅವು ಮುಂದೆ ತಾವೂ ಮರಿ ಮಾಡಿ, ಶುದ್ಧ ತಳಿಯೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ಮುಂದಿನ ತಳಿಮೀನುಗಳನ್ನು ಆರಿಸುವಾಗ ಆಗುವ ಅನ್ಯಾಯವೇ ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು. ಬೇಗ ಬೆಳೆದದ್ದು ಮಾರುಕಟ್ಟೆಗೆ ಹೋಗುತ್ತದೆ, ಮಾರಾಟವಾಗದೆ ಉಳಿದದ್ದು ಅಪ್ಪ ಅಮ್ಮನಾಗುತ್ತದೆ. ವರ್ಷ ವರ್ಷವೂ ಹೀಗೆ ಮಾಡಿದರೆ ನಿಧಾನವಾಗಿ ಬೆಳೆಯುವ ತಳಿಯನ್ನು ನಾವೇ ಆರಿಸಿ ಬೆಳೆಸಿದಂತೆ. ಮಾರುವ ಮೊದಲೇ, ಹಂಗಾಮಿನ ಆದಿಯಿಂದ ಕೊನೆಯವರೆಗಿನ ಪ್ರತಿ ತಂಡದಿಂದಲೂ ಸಮಸಂಖ್ಯೆಯಲ್ಲಿ ಮರಿಗಳನ್ನು ಬೇರೆ ಕೊಳಕ್ಕೆ ತೆಗೆದಿಡಿ. ಒಂದೇ ತಂಡದ ದಪ್ಪ ಮರಿಗಳನ್ನೆಲ್ಲ ಬಾಚಿಕೊಳ್ಳುವುದೂ ತಪ್ಪು. ಅವೆಲ್ಲ ಒಡಹುಟ್ಟಿದವೇ ಆಗಿರಬಹುದು. ತಳಿಮೀನುಗಳಿಗೆ ಚರ್ಮದಡಿ ಇಡುವ ಸಂಖ್ಯೆಯ ಚಿಪ್ ಹಾಕಿ, ಯಾವುದರೊಡನೆ ಯಾವುದು ಕೂಡಿತೆಂದು ಪುಸ್ತಕದಲ್ಲಿ ಬರೆದಿಡಿ.

ಹೊಸ ರಕ್ತ ತರುವಾಗ ಪಕ್ಕದ ಕೇಂದ್ರದಿಂದ ತಂದರೆ ಪ್ರಯೋಜನ ಅನುಮಾನ. ಅವರೂ ನಿಮ್ಮ ಮೂಲದಿಂದಲೇ ತಂದಿರಬಹುದು. ಮೊದಲು ಅವರ ವಂಶ ವಿಚಾರಿಸಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಜಯಂತಿ ರೋಹು ತಳಿಯನ್ನು ರೂಪಿಸುವಾಗ ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್ ನದಿಗಳ ಮೀನುಗಳನ್ನು ತನ್ನ ಕೊಳದ ಮೀನುಗಳ ಜೊತೆ ಸೇರಿಸಿತ್ತು. ಅಡಿಪಾಯ ಅಗಲವಾಗಿದ್ದುದರಿಂದಲೇ ಮುಂದೆ ಬೆಳವಣಿಗೆಗಾಗಿ ಆರಿಸಲು ಅವಕಾಶ ಉಳಿಯಿತು.

ಕೊನೆಗೆ ಡಿಎನ್ಎ ಪರೀಕ್ಷೆ. ಮೂವತ್ತರಿಂದ ಐವತ್ತು ಮೀನುಗಳ ಈಜುರೆಕ್ಕೆಯ ಅಂಚನ್ನು ಚೂರು ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಶೀಶೆಯಲ್ಲಿ ಶೇ 95ರ ಎಥನಾಲ್‌ನಲ್ಲಿ ಹಾಕಿಟ್ಟರೆ ಸಾಕು, ಮೀನು ಸಾಯುವುದಿಲ್ಲ. ಪ್ರತಿ ಮೀನಿಗೂ ಕತ್ತರಿ ಒರೆಸಿಕೊಳ್ಳಿ. ವರದಿ ಬಂದಾಗ ಬಹುತೇಕರು ಭಿನ್ನಯುಗ್ಮತೆಯ (ಅಪ್ಪನಿಂದ ಒಂದು, ಅಮ್ಮನಿಂದ ಇನ್ನೊಂದು ಜೀನ್ ರೂಪ ಪಡೆದವುಗಳ ಪಾಲು) ಒಂದು ಅಂಕಿಯನ್ನು ನೋಡಿ, ಪರವಾಗಿಲ್ಲ ಎಂದು ಮಡಿಚಿಡುತ್ತಾರೆ. ತಳಿ ಇಕ್ಕಟ್ಟಿಗೆ ಸಿಕ್ಕಾಗ ಆ ಅಂಕಿ ನಿಧಾನವಾಗಿ ಇಳಿಯುತ್ತದೆ. ಮೊದಲು ಮಾಯವಾಗುವುದು ಅಪರೂಪದ ಜೀನ್ ರೂಪಗಳು. ಹಾಗಾಗಿ ಡಿಎನ್ಎಯಲ್ಲಿ ಪರೀಕ್ಷಿಸಿದ ಪ್ರತಿ ಗುರುತಿನ ಜಾಗದಲ್ಲಿ ಎಷ್ಟು ರೂಪಗಳು ಸಿಕ್ಕಿವೆ ಎಂದು ಪ್ರಯೋಗಾಲಯವನ್ನು ಕೇಳಿ, ಅದೇ ಗುರುತುಗಳಲ್ಲಿ ನದಿಯ ರೋಹುವಿಗೆ ಸಿಕ್ಕ ಸಂಖ್ಯೆಯನ್ನು ಪಕ್ಕದಲ್ಲೇ ಬರೆದುಕೊಡಲು ಹೇಳಿ.